ಒತ್ತದೆ ಬಿಟ್ಟ ಲಿವರ್

ನಮ್ಮ ಮನೆಯವರನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ‘ಪಂಪ್ ಡಾಕ್ಟರು’ ಎಂದು. ಹಳೆಯ ಕಾರುಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಇಂಜಿನ್ನಿಗೆ ಕೊಡುವ ಮುಷ್ಟಿಗಾತ್ರದ ಪಂಪ್ ಇರುತ್ತದಲ್ಲ, ಅದನ್ನು ಬಿಚ್ಚಿ ಹೊಸದಾಗಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಹುಡುಗನದು ಪಂಪ್ ಕೆಲಸ ಅಂದಾಗ ಪೆಟ್ರೋಲ್ ಬಂಕೇ ಇದೆ ಎಂದುಕೊಂಡು ನಮ್ಮಪ್ಪ ಹೆಣ್ಣು ಕೊಟ್ಟರು ಎಂದು ನಾನು ರೇಗಿಸಿದರೆ, ನಗುತ್ತಲೇ ಸ್ಕ್ರೂ ಹುಡುಕುತ್ತಿದ್ದರು.

ಶೆಡ್ಡು ಮನೆಯ ಹಿಂದೆಯೇ, ಅಡುಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ. ಮತ್ತೆ ಜೋಡಿಸುವಾಗ ಗುರುತಿಗಿರಲೆಂದು ಬಿಚ್ಚುವ ಮೊದಲೇ ಪಂಪಿನ ಎರಡು ಹೋಳುಗಳ ಮೇಲೂ ಹಾಯುವಂತೆ ಅರದಿಂದ ಒಂದು ಗೀಟು ಎಳೆಯುವುದು, ಅಂಚು ಸೊಟ್ಟಗಾಗಿದ್ದರೆ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜುವುದು, ಎಲ್ಲ ಅವರೇ ಮಾಡಬೇಕು. ಅಂಟು ಮೆತ್ತಿ ಸೋರಿಕೆ ನಿಲ್ಲಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ಮುಖ ತೊಳೀದೆ ಪೌಡರ್ ಹಚ್ಕೊಂಡ ಹಾಗೆ ಅದು” ಎನ್ನುತ್ತಿದ್ದರು.

ಕೊನೆಯ ಹಂತಕ್ಕೆ ಮಾತ್ರ ನಾನು ಬೇಕು. ಎರಡು ಹೋಳುಗಳ ನಡುವೆ ರಬ್ಬರ್ ಬಟ್ಟೆಯ ಒಂದು ಪೊರೆ ಕೂರುತ್ತದೆ. ಪಕ್ಕದ ಲಿವರನ್ನು ಪೂರ್ತಿ ಒತ್ತಿ ಹಿಡಿದಿರುವಾಗಲೇ ಆರೂ ಸ್ಕ್ರೂ ಬಿಗಿಯಬೇಕು. ಇಲ್ಲದಿದ್ದರೆ ಪೊರೆಗೆ ಆಡಲು ಜಾಗ ಸಿಗದೆ ಸ್ವಲ್ಪ ದಿನಕ್ಕೇ ಅಂಚಿನಲ್ಲಿ ಹರಿಯುತ್ತದೆ. ಬೇರೆ ಏನಾದರೂ ಕಟ್ಟಿ ಒತ್ತಿಸಿಕೊಳ್ಳಿ ಎಂದರೆ ಒಪ್ಪುತ್ತಿರಲಿಲ್ಲ.

“ನಿನ್ನ ಕೈ ಆದ್ರೇನೇ ನಂಗೆ ನಂಬಿಕೆ ಕಣೇ.”

ಇಪ್ಪತ್ತಾರು ವರ್ಷ ನಾನೇ ಒತ್ತಿದೆ.

ಆ ದಿನ ನನ್ನ ತಂಗಿ ಬೇರೆ ಮನೆಗೆ ಸಾಮಾನು ಸಾಗಿಸುತ್ತಿದ್ದಳು. ಬೆಳಿಗ್ಗೆಯೇ ಬರುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಹನ್ನೊಂದಾದರೂ ಇವರು ರಿಟೈರಾದ ಪೋಸ್ಟ್‌ಮಾಸ್ಟರರ ಕಾರಿನ ಪಂಪ್ ಬಿಟ್ಟು ಏಳಲಿಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ. ಲಿವರಿನ ಸ್ಪ್ರಿಂಗ್ ಬಲು ಗಡಸು. ಹೆಬ್ಬೆರಳನ್ನು ಸುಮ್ಮನೆ ಅದರ ಮೇಲಿಟ್ಟೆ, ಒತ್ತಲಿಲ್ಲ. ಒಂದು ಸಲಕ್ಕೆ ಏನಾಗುತ್ತದೆ ಎಂಬ ಉಡಾಫೆ.

“ಒತ್ಕೊಂಡಿದ್ದೀಯಾ?” ತಲೆ ಎತ್ತದೆಯೇ ಕೇಳಿದರು.

“ಹ್ಞೂಂ” ಎಂದೆ.

ಬಿಗಿದು ಮುಗಿಸಿ ಅವರು ಪಂಪಿನ ಬಾಯಿಗೆ ಬೆರಳಿಟ್ಟು ನೋಡಿದಾಗ ಎಳೆತ ಸರಿಯಾಗಿಯೇ ಇತ್ತು. ತಿಂಗಳೊಪ್ಪತ್ತಿನಲ್ಲಿ ಪೊರೆ ಹರಿದು, ಪೆಟ್ರೋಲ್ ಹೋಗಿ ಇಂಜಿನ್ ಆಯಿಲಿಗೆ ಸೇರಿ, ಆಯಿಲ್ ನೀರಾಗಿ, ನಡುದಾರಿಯಲ್ಲಿ ಇಂಜಿನ್ನೇ ಹಿಡಿದುಕೊಂಡು ಕೆಟ್ಟು ನಿಂತಿತು. ಪೋಸ್ಟ್‌ಮಾಸ್ಟರರು ಸಂಭಾವಿತರು, ಕೂಗಾಡಲಿಲ್ಲ. “ಹೋಗ್ಲಿ ಬಿಡಿ ಡಾಕ್ಟ್ರೇ, ವಯಸ್ಸಾಯ್ತಲ್ಲ, ಕೈ ಹಿಡಿತ ತಪ್ಪುತ್ತೆ” ಎಂದರು. ಕೂಗಾಡಿದ್ದರೇ ವಾಸಿಯಾಗಿತ್ತು.

ಅಂದಿನಿಂದ ಇವರು ಪಂಪ್ ಮುಟ್ಟಲಿಲ್ಲ. ಪಂಕ್ಚರ್ ಹಾಕಿದರು, ಆಯಿಲ್ ಬದಲಿಸಿದರು. ಟೀ ಲೋಟ ಎತ್ತಿದಾಗಲೆಲ್ಲ ತಮ್ಮ ಕೈಯನ್ನೇ ನೋಡಿಕೊಳ್ಳುವರು.

“ನಡುಗ್ತಿದೆಯೇನೇ?”

“ಇಲ್ಲ ರೀ” ಎಂದಷ್ಟೇ ಹೇಳಿ ನಾನು ಒಳಗೆ ಹೋಗುತ್ತಿದ್ದೆ. ಮೊದಲು ಭಯ, ಆಮೇಲೆ ನಾಚಿಕೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಎಂಟು ವರ್ಷ ಕಳೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಹೋದ ವಾರ ಟೀಚರಮ್ಮ ಒಬ್ಬರು ತಮ್ಮ ಮಾವನವರ ಕಾಲದ ಕಾರಿನ ಪಂಪ್ ತಂದರು. ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ನನ್ನ ಕೈಲಿ ಆಗಲ್ಲಮ್ಮ” ಎಂದು ವಾಪಸು ಕೊಟ್ಟರು. ಆಕೆ ಗೇಟು ದಾಟುತ್ತಿದ್ದಂತೆ ನನ್ನಿಂದ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.



“ಅಂದ್ರೆ ಆವತ್ತು ನನ್ನ ಕೈ ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು ರೀ. ತಪ್ಪು ನಂದು.”

ಅವರ ಮುಖ ಅರಳಿತು. ಬೈಗುಳಕ್ಕೆ ಕಾಯುತ್ತಿದ್ದವಳಿಗೆ ಅದನ್ನು ನೋಡಲಾಗಲಿಲ್ಲ.

“ಹೋಗೇ, ಆ ಟೀಚರಮ್ಮನ್ನ ಕರಿ ಬೇಗ!”

ಓಡಿಹೋಗಿ ಕರೆತಂದೆ. ಇವರು ಪಂಪನ್ನು ಬೆಂಚಿನ ಮೇಲಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡರು. ಅದರ ತುದಿ ಸ್ಕ್ರೂ ತಲೆಯ ಸುತ್ತಲೇ ಜಾರಾಡಿತು, ಸಂದಿಗೆ ಕೂರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಮತ್ತೆ ನೋಡಿದರು. ಆಗಲಿಲ್ಲ. ಅವರಿಗೀಗ ಎಪ್ಪತ್ತೊಂದು.

ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

“ಹೋದ ವರ್ಷ ಕೂಡ ನಡುಗ್ತಿರ್ಲಿಲ್ಲಮ್ಮ” ಎಂದು ಟೀಚರಮ್ಮನಿಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ.