ಗುಳ್ಳೆ ಏಳಲೇಬೇಕಿದ್ದ ಶನಿವಾರ

ನನಗೆ ಮುಂಗೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಕೂಗಾಡುವುದನ್ನು ಓದಿ ಗಾಬರಿಯಾದೀರಿ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ರಾಸಾಯನಿಕ ಕಾರ್ಖಾನೆಯಲ್ಲಿ, ರಸಾಯನಶಾಸ್ತ್ರದ ಎಂ.ಎಸ್ಸಿ. ಇಟ್ಟುಕೊಂಡು, ವರ್ಷಗಟ್ಟಲೆ ಡಬ್ಬಿಗಳ ಲೇಬಲ್ ನೆಟ್ಟಗಿದೆಯೇ ಎಂದು ನೋಡುತ್ತಿದ್ದವಳು ನಾನು. ಕಡೆಗೆ ಮಾಲೀಕರನ್ನು ಕಾಡಿ ಬೇಡಿ, ಹಿಂದಿನ ಶೆಡ್ಡಿನಲ್ಲಿ ಒಂದು ಉಕ್ಕಿನ ಕೊಳವೆ ಹಾಕಿಸಿಕೊಂಡೆ. ಮೆಥನಾಲನ್ನು ಈಥರ್ ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

"ಶನಿವಾರ ಬರ್ತೀನಿ. ಈಥರ್ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಕೊಳವೆ ಗುಜರಿಗೆ, ನೀವು ವಾಪಸ್ ಲೇಬಲ್ಲಿಗೆ," ಎಂದಿದ್ದರು ಅವರು.

ಕೆಲಸ ಕೇಳಲು ಸುಲಭ. ಕೊಳವೆಯ ತುಂಬ ಸಬ್ಬಕ್ಕಿಯಂಥ ಬಿಳಿ ಗುಂಡುಗಳು, ಅಲ್ಯೂಮಿನಿಯಂ ಆಕ್ಸೈಡಿನವು. ಅವನ್ನು ಚೆನ್ನಾಗಿ ಕಾಯಿಸಿ ಮೆಥನಾಲಿನ ಆವಿ ಹಾಯಿಸಬೇಕು. ಗುಂಡುಗಳ ಮೈಮೇಲೆ ಆಮ್ಲದ ಗುಣವಿರುವ ಜಾಗಗಳಿರುತ್ತವೆ. ಅಲ್ಲಿ ಮೆಥನಾಲಿನ ಅಣುಗಳು ಎರಡೆರಡಾಗಿ ಕೂಡಿಕೊಂಡು, ನೀರು ಕಳಚಿ, ಈಥರ್ ಆಗುತ್ತವೆ. ಮುಂದೆ ಮಂಜುಗಡ್ಡೆಯಲ್ಲಿಟ್ಟ ಬಾಟಲಿಯಲ್ಲಿ ಉಳಿದ ಮೆಥನಾಲೂ ನೀರೂ ಇಳಿದುಕೊಳ್ಳುತ್ತವೆ. ಈಥರ್ ಮಾತ್ರ ಅನಿಲವಾಗಿ ಮುಂದೆ ಹೋಗಿ ನೀರಿನ ಜಾಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಬಂದರೆ ಈಥರ್, ಬರದಿದ್ದರೆ ಲೇಬಲ್.

ಶುಕ್ರವಾರ ಗುಳ್ಳೆ ಬಂದಿತ್ತು. ಆದರೆ ಆ ಗುಂಡುಗಳು ಬಳಸಿ ಬಳಸಿ ಕಪ್ಪಾಗಿದ್ದವು. ಮಾಲೀಕರ ಮುಂದೆ ಹೊಸದನ್ನೇ ಹಾಕೋಣವೆಂದು ಮೂಟೆಯಿಂದ ತೂಗಿ, ತಟ್ಟೆಯಲ್ಲಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನಾನು ನೆಲಮಂಗಲದ ಬಸ್ಸಿಳಿದು ಬರುವಷ್ಟರಲ್ಲಿ ಶೆಡ್ಡಿನ ಆಪರೇಟರ್ ಅವನ್ನು ಕೊಳವೆಗೆ ತುಂಬಿ ಹೀಟರ್ ಹಾಕಿಯೂ ಆಗಿತ್ತು. ಅವರು ಇದೇ ಊರಿನ ನೇಕಾರರ ಮನೆಯವರು, ನನಗಿಂತ ಹಿರಿಯರು, ಬಲು ಅಚ್ಚುಕಟ್ಟು.

ಮಾಲೀಕರು ಹೆಂಡತಿಯ ಜೊತೆ ಬಂದರು. ಮಗಳ ಮದುವೆಗೆ ಸೀರೆ ತೆಗೆಯುವುದೂ ಇತ್ತು. ಆವಿ ಬಿಟ್ಟೆ. ಕೊಳವೆಯಲ್ಲಿದ್ದ ಗಾಳಿಯ ಒಂದಿಷ್ಟು ಗುಳ್ಳೆ ಎದ್ದು ನಿಂತುಹೋದವು. ಆಮೇಲೆ ಜಾಡಿಯ ನೀರು ಅಲುಗಲೇ ಇಲ್ಲ. ಕಾದು ಕಾದು ಮಾಲೀಕರು, "ಹೋಗ್ಲಿ ಬಿಡಮ್ಮ, ಸೋಮವಾರದಿಂದ ಲೇಬಲ್ ನೋಡ್ಕೊಳ್ಳಿ," ಎಂದು ಹೊರಟುಬಿಟ್ಟರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

"ಯಾಕಿಂಗಾಯ್ತೋ ಮೇಡಂ," ಎಂದರು ಆಪರೇಟರ್. "ಗುಂಡೆಲ್ಲ ಬರೀ ಪುಡಿ ಪುಡಿ ಇತ್ತು. ಸಾಹುಕಾರ್ರು ಬರ್ತಾರೆ ಅಂತ ವಾಷಿಂಗ್ ಸೋಡಾ ನೀರಲ್ಲಿ ಕುದ್ಸಿ, ಒಣಗ್ಸಿ ಹಾಕಿದ್ದೆ. ರೇಷ್ಮೆ ಬೇಯ್ಸೋದೂ ಹಂಗೇ ಅಲ್ವಾ? ಅಂಟು ಬಿಟ್ಟು ಹೆಂಗೆ ಹೊಳೀತದೆ!"

ನನ್ನ ಪಿತ್ತ ನೆತ್ತಿಗೇರಿತು. ಸೋಡಾ ಕ್ಷಾರ; ಆಮ್ಲದ ಜಾಗಗಳನ್ನೆಲ್ಲ ಅದು ಕೆಲಸಕ್ಕೆ ಬಾರದಂತೆ ಮಾಡಿತ್ತು. "ರೀ, ಅದೇನು ನಿಮ್ಮನೆ ರೇಷ್ಮೇನೇನ್ರೀ? ಬೇಯ್ಸಿದ್ದಾಯ್ತು, ಬಣ್ಣಾನೂ ಹಾಕ್ಬಿಡ್ಬೇಕಿತ್ತು! ಜರಿ ಅಂಚೂ ಕೊಡ್ಬೇಕಿತ್ತು!" ಎಂದು ಶೆಡ್ಡಿನ ತಗಡು ಅದುರುವಂತೆ ಕೂಗಿದೆ. ಅವರ ಮುಖ ಇಷ್ಟೇ ಇಷ್ಟಾಯಿತು. ಆದರೆ ಜರಿ ಅಂಚು ಎಂದಾಗ ತುಟಿಯಂಚು ಸಣ್ಣಗೆ ಅದುರಿತು, ಅದನ್ನು ಕಂಡು ಹಾಳಾದ ನಗು ನನಗೂ ಬಂದುಬಿಟ್ಟಿತು.

"ಬೇರೆ ಗುಂಡು ಹಾಕೋಕೆ ಎಷ್ಟೊತ್ತಾಗ್ತದೆ?" ಎಂದರು ಅವರು.

"ಕೊಳವೆ ಆರ್ಬೇಕು, ತುಂಬ್ಬೇಕು, ಮತ್ತೆ ಕಾಯ್ಬೇಕು. ಸಂಜೆ ಆಗೋಗುತ್ತೆ. ಅಷ್ಟೊತ್ತಿಗೆ ಅವರು ಬೆಂಗಳೂರು ಸೇರಿರ್ತಾರೆ."

"ಅದೆಂಗೆ ಸೇರ್ತಾರೆ ನೋಡೇಬಿಡ್ತೀನಿ," ಎಂದು ಆಪರೇಟರ್ ಫೋನ್ ತೆಗೆದು, ಅಮ್ಮಾವ್ರು ಅಂಗಡಿಗೆ ಯಾಕೆ ಹೋಗ್ಬೇಕು, ಮಗ್ಗದಿಂದ ಇಳಿದ ಸೀರೆ ನಮ್ಮನೆಲೇ ಇದಾವೆ ಎಂದು ಮಾಲೀಕರನ್ನು ತಮ್ಮ ಮನೆಗೇ ಕಳುಹಿಸಿಬಿಟ್ಟರು.

ನೇಕಾರರ ಮನೆಯ ಚಾಪೆಯ ಮೇಲೆ ಕೂತ ಗಿರಾಕಿ ಬೇಗ ಏಳುವುದುಂಟೇ? ನಾವಿಬ್ಬರೂ ಇಲ್ಲಿ ತೊಳೆಯದ ಗುಂಡುಗಳನ್ನು ಪುಡಿ ಸಮೇತ ತುಂಬುತ್ತಿದ್ದರೆ ಅಲ್ಲಿಂದ ಆಪರೇಟರ್ ಹೆಂಡತಿ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಊಟಕ್ಕೆ ಕೂರಿಸಿದೆ. ನೀಲಿ ಒಪ್ಪಿದ್ದಾರೆ, ಸೆರಗು ಹಿಡಿಸಿಲ್ಲ. ಸಾಹುಕಾರರು ಗೋಡೆಗೆ ಒರಗಿ ತೂಕಡಿಸುತ್ತಿದ್ದಾರೆ. "ಇನ್ನೊಂದು ಗಂಟು ಬಿಚ್ಚಿ!" ಎಂದು ನಾನೇ ಫೋನಿಗೆ ಕಿರುಚಿದೆ.

ಹೊತ್ತು ಇಳಿಯುವಾಗ ಜಾಡಿಯಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲುಸಾಲು. ಬೆಳಗಿನ ಗಾಳಿಯ ಗುಳ್ಳೆಗಳಂತೆ ಇವು ನಿಲ್ಲಲಿಲ್ಲ. "ಈಗ ಕಳಿಸಿ ಅವರನ್ನ!" ಎಂದೆ.

ಮಾಲೀಕರು ಸುಸ್ತಾದ ಮುಖ ಹೊತ್ತು ಬಂದರು. ಜಾಡಿ ನೋಡಿದರು, ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ನೋಡಿದರು. ಜಾಡಿಯಿಂದ ಶೆಡ್ಡಿನಾಚೆ ದೂರಕ್ಕೆ ಎಳೆದಿದ್ದ ನಳಿಕೆಯ ತುದಿಗೆ ಆಪರೇಟರ್ ಕಿಡಿ ತಾಗಿಸಿದಾಗ ನೀಲಿ ಜ್ವಾಲೆ ನಿಂತಿತು. ಮಾಲೀಕರು ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಎಲ್ಲಾ ಸರಿ. ನೀವು ಇಲ್ಲೇ ಇದ್ಬಿಟ್ರೆ ಅಲ್ಲಿ ಲೇಬಲ್ ಯಾರು ನೋಡ್ತಾರೆ?"

"ಬೇರೆ ಯಾರನ್ನಾದ್ರೂ ಹುಡುಕ್ಬೇಕು ಸಾರ್," ಎಂದೆ, ದಿನವೆಲ್ಲ ಕೂಗಾಡಿದವಳು ಮೆಲ್ಲಗೆ.

"ಹುಡುಕ್ತೀನಿ ಬಿಡಿ," ಎಂದು ಅವರು ಕಾರಿನ ಕಡೆ ನಡೆದರು.