ಕೇಳಿಸದ ಹಾಗೆ ಕೂಗಿದ್ದು

ಆವತ್ತು ನಿನ್ನ ಕಿವಿಯದೇನೂ ತಪ್ಪಿರಲಿಲ್ಲ, ರತ್ನ. ನಿನಗೆ ಕೇಳಿಸಬಾರದು ಎಂದೇ ನಾನು ಹಾಗೆ ಕೂಗಿದೆ. ಕೋರ್ಟಿನ ಜವಾನನಾಗಿ ನಿನ್ನ ಹೆಸರನ್ನು ಮೂರು ಸಲ ಕೂಗಬೇಕಾಗಿತ್ತು, ಮೂರು ಸಲ ಕೂಗಿದೆ — ಅದರಲ್ಲಿ ಸುಳ್ಳಿಲ್ಲ. ಆದರೆ ಹೇಗೆ ಕೂಗಿದೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮನೆಯವಳಿಗೂ ಹೇಳಿಲ್ಲ.

ಬಾಯಲ್ಲಿ ಹೇಳುವ ಮೊದಲು ಬರೆದು ನೋಡುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀನೊಬ್ಬಳೇ ಓದಿದರೆ ಸಾಲದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ನೌಕರಿ ಮಾಡಿದವನು ನಾನು. ಇದು ಎಲ್ಲಿ ನಡೆಯಿತು ಎಂದು ಮಾತ್ರ ಹೇಳುವುದಿಲ್ಲ. ಊರಿನ ಹೆಸರು ಹೇಳಿದರೆ ಜನ ಊರನ್ನು ಬೈದು ಸುಮ್ಮನಾಗುತ್ತಾರೆ. ಬೈಸಿಕೊಳ್ಳಬೇಕಾದವನು ನಾನು.

ನನ್ನ ಗಂಟಲಿನ ಬಗ್ಗೆ ನನಗೆ ಜಂಬವಿತ್ತು. ಅಪ್ಪ ಬಂಡೂರಿನಲ್ಲಿ ಕುರಿ ಕಾಯುತ್ತಿದ್ದವರು. ಹೊಲದ ಆ ತುದಿಯಲ್ಲಿ ಮೇಯುವ ಕುರಿಗಳನ್ನು ಈ ತುದಿಯಿಂದಲೇ ಕೂಗಿ ತಿರುಗಿಸುತ್ತಿದ್ದರು. ಅದೇ ಗಂಟಲು ನನಗೆ ಕೋರ್ಟಿನಲ್ಲಿ ಅನ್ನ ಹಾಕಿತು. ಒಳಗೆ ಒಂದೊಂದು ಕೇಸು ಬಂದಾಗಲೂ ನಾನು ಜಗಲಿಗೆ ಬಂದು ಕಕ್ಷಿದಾರರ ಹೆಸರು ಕೂಗಬೇಕು. ಮೂರನೆಯ ಕೂಗಿಗೂ ಬರದಿದ್ದರೆ ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ. ಒಳಗೆ ಜಾಗ ಸಾಲದೆ ಜನ ಹೊಂಗೆಮರದ ಕೆಳಗೆ, ಟೀ ಅಂಗಡಿಯ ಮುಂದೆ ಚದುರಿ ಕೂತಿರುತ್ತಿದ್ದರು. ಅವರ ಪಾಲಿಗೆ ನನ್ನ ಕೂಗೇ ಕೋರ್ಟು. ಜೊತೆಯವರು ನನ್ನನ್ನು ಕೂಗುಮಾರಿ ಎಂದು ಗೇಲಿ ಮಾಡುತ್ತಿದ್ದರು — ಹೆಸರು ಹಿಡಿದು ಕೂಗಿ ಪ್ರಾಣ ತೆಗೆಯುವ ಮಾರಿ, ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಓಡಿಸುತ್ತಿದ್ದರಲ್ಲ, ಅದು. ಆಗ ನಾನೂ ಅವರ ಜೊತೆ ನಗುತ್ತಿದ್ದೆ.

ನಿನ್ನ ತಂದೆ ನಿಂಗಯ್ಯ ಪುರಸಭೆಯಲ್ಲಿ ಗುಮಾಸ್ತರಾಗಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡವರು. ಹಾಗೆ ತೀರಿಕೊಂಡವರ ಮಕ್ಕಳಲ್ಲಿ ಒಬ್ಬರಿಗೆ ಅನುಕಂಪದ ಮೇಲೆ ಸರ್ಕಾರಿ ಕೆಲಸ ಸಿಗುತ್ತದೆ. ನೀನು ಎರಡನೆಯ ಹೆಂಡತಿಯ ಮಗಳು. ಮೊದಲ ಹೆಂಡತಿಯ ಮಗ, ಇವಳು ನಮ್ಮಪ್ಪನ ಮಗಳೇ ಅಲ್ಲ ಎಂದುಬಿಟ್ಟ. ಮಗಳು ಹೌದೆಂದು ಕೋರ್ಟಿನಿಂದ ತನ್ನಿ, ವರ್ಷದ ಗಡುವಿನೊಳಗೆ ತಂದರೆ ನೋಡೋಣ ಎಂದಿತು ಕಚೇರಿ. ನಿನಗೂ ನಿನ್ನ ತಾಯಿಗೂ ಇದ್ದದ್ದು ಅದೊಂದೇ ದಾರಿ. ಒಮ್ಮೆ ನೀರು ಕುಡಿಯಲು ಜಗಲಿಗೆ ಬಂದವಳು ನನಗೆ ಹೇಳಿದ್ದೆ: "ಅಣ್ಣಾ, ಅಷ್ಟು ಜನದ ಮುಂದೆ 'ನಿಂಗಯ್ಯನ ಮಗಳು ರತ್ನ' ಅಂತ ಕೂಗ್ತೀರಲ್ಲ... ಅದ ಕೇಳಕ್ಕೇ ನಂಗೆ ಆಸೆ ಕಣಣ್ಣ."

ಆ ಮಾತು ನನಗೆ ಹಿಡಿಸಿತ್ತು. ಹಿಡಿಸಿದ್ದೂ ನಿಜ, ಆಮೇಲೆ ನಾನು ಮಾಡಿದ್ದೂ ನಿಜ.

ನಮ್ಮಲ್ಲಿ ಜವಾನನಾಗಿ ಸೇರಿದವನು ಬಹಳ ಸಲ ಜವಾನನಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಗುಮಾಸ್ತನಾಗಲು ಒಂದು ಸಣ್ಣ ಕಿಂಡಿಯಿತ್ತು. ಗುಮಾಸ್ತನಾದರೆ ಕೂರಲು ಕುರ್ಚಿ, ಸಂಬಳದ ಶ್ರೇಣಿಯೇ ಬೇರೆ. ಎರಡನೆಯ ದರ್ಜೆಯಿಂದ ಒಂದನೆಯ ದರ್ಜೆಗೆ ಏರಬಹುದು, ಪಿಂಚಣಿಯೂ ಅದಕ್ಕೆ ತಕ್ಕಂತೆ. ಆಗ ಖಾಲಿಯಿದ್ದದ್ದು ಒಂದು ಹುದ್ದೆ, ಕಾಯುತ್ತಿದ್ದವರು ಇಬ್ಬರು. ಹೆಂಡತಿಯ ತಮ್ಮ ಹಬ್ಬಕ್ಕೆ ಬಂದಾಗಲೆಲ್ಲ "ಏನ್ ಬಾವ, ಇನ್ನೂ ಕೂಗ್ತಾನೇ ಇದ್ದೀರಾ?" ಎಂದು ನಗುತ್ತಿದ್ದ. ಆ ನಗು ನನ್ನ ಹೊಟ್ಟೆಯಲ್ಲಿ ಕೂತಿತ್ತು. ನನ್ನ ಪರವಾಗಿ ನ್ಯಾಯಾಧೀಶರ ಹತ್ತಿರ ಎರಡು ಒಳ್ಳೆಯ ಮಾತು ಹೇಳಬೇಕಾದವರು ಶಿರಸ್ತೇದಾರರು, ಕೋರ್ಟಿನ ಗುಮಾಸ್ತರಿಗೆಲ್ಲ ಹಿರಿಯರು. ನಿನ್ನನ್ನು ಮಗಳಲ್ಲ ಎಂದವನು ಅವರ ಸ್ವಂತ ತಂಗಿಯ ಮಗ. ಅದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಅವರು ನನ್ನನ್ನು ಕರೆದು ತಮ್ಮ ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟರು. ಅದುವರೆಗೆ ಒಂದು ದಿನವೂ ಕೊಟ್ಟವರಲ್ಲ. ಲೋಟ ಹಿಡಿದುಕೊಂಡು ನಿಂತೆ.

"ಗಂಟ್ಲು ನೋಯ್ತಾ ಅದೇನ್ಲಾ, ಮರಿಸ್ವಾಮಿ?"

"ಇಲ್ಲ ಸಾರ್."

"ನೋಯ್ತದೆ ಕಣ್ಲಾ," ಎಂದರು, ಫೈಲಿನಿಂದ ತಲೆಯೆತ್ತದೆ. "ಇವತ್ತು ನೋಯ್ತದೆ. ಉಸಾರು."

ಅಷ್ಟೇ. ನಿನ್ನ ಹೆಸರಿಲ್ಲ, ಬಡ್ತಿಯ ಮಾತಿಲ್ಲ. ನಾಳೆ ಯಾರು ಕೇಳಿದರೂ, ಜವಾನನ ಆರೋಗ್ಯ ವಿಚಾರಿಸಿದೆ ಎಂದುಬಿಡಬಹುದು. ನನಗೆ ಮಾತ್ರ ಎಲ್ಲ ಅರ್ಥವಾಯಿತು. ಅವರು ಬಿಡಿಸಿ ಹೇಳಿದ್ದರೆ ನಾನು ಆಗಲ್ಲ ಎನ್ನುತ್ತಿದ್ದೆನೋ ಏನೋ — ಇಲ್ಲ, ಎನ್ನುತ್ತಿರಲಿಲ್ಲ. ಇಲ್ಲಿಯಾದರೂ ನಿಜ ಬರೆಯಬೇಕು.

ಅಂದು ನಿನ್ನ ಸಾಕ್ಷಿ ನುಡಿಯುವ ದಿನ. ಹಿಂದಿನ ವಾಯಿದೆಯಲ್ಲೇ ಇದು ಕೊನೆಯ ಅವಕಾಶ ಎಂದಿದ್ದರು ನ್ಯಾಯಾಧೀಶರು. ನಿನ್ನ ವಕೀಲರು ಇನ್ನೊಂದು ಊರಿನ ಕೇಸಿಗೆ ಹೋಗಿದ್ದು, ಕೂಗಿದ ತಕ್ಷಣ ಒಳಗೆ ಹೋಗಿ ಲಾಯರು ದಾರಿಯಲ್ಲಿದ್ದಾರೆ ಎಂದು ಕೈ ಮುಗಿ ಎಂದಿದ್ದರು. ಇದನ್ನೂ ನೀನೇ ನನಗೆ ಹೇಳಿದ್ದೆ, ನಂಬಿಕೊಂಡು. ಹೇಳಿ ಹೋಗಿ ಹೊಂಗೆಮರದ ಕೆಳಗೆ ಕೂತೆ.

ಜಗಲಿಯ ಎರಡು ತುದಿಯಲ್ಲೂ ನಿಂತು ಕೂಗುವುದು ನನ್ನ ರೂಢಿ. ಒಂದು ತುದಿ ಮರದ ಕಡೆಗೆ, ಇನ್ನೊಂದು ಕಟ್ಟಡದ ಆಚೆ ಬದಿಯಲ್ಲಿ, ರಸ್ತೆಯ ಕಡೆಗೆ. ಅಂದು ರಸ್ತೆಯ ತುದಿಗೆ ಮಾತ್ರ ಹೋದೆ. ಅಲ್ಲಿ ಒಂದು ಖಾಸಗಿ ಬಸ್ಸು ಜನ ತುಂಬಿಸಿಕೊಳ್ಳಲು ಹಾರ್ನ್ ಹೊಡೆಯುತ್ತಾ ನಿಂತಿತ್ತು. ಕಂಬದ ಮರೆಯಲ್ಲಿ ನಿಂತು ಕಾದೆ. ಹಾರ್ನ್ ಶುರುವಾದಾಗ ಬಾಯಿ ತೆರೆದೆ, ನಿಂತಾಗ ಮುಚ್ಚಿದೆ. ಮತ್ತೆ ಹಾರ್ನ್, ಮತ್ತೆ ನಿನ್ನ ಹೆಸರು. ಮೂರನೆಯ ಸಲಕ್ಕೆ ನಿನ್ನ ಅಪ್ಪನ ಹೆಸರನ್ನೇ ನುಂಗಿಬಿಟ್ಟೆ. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

ಒಳಗೆ ಬಂದು ಹೇಳಿದೆ: "ಮೂರು ಸಲ ಕೂಗಿದೆ ಸ್ವಾಮಿ, ಯಾರೂ ಇಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರಿಯಾಗಿ ಕೂಗಿದಿರಾ?"

ಆಗ ಮಾತು ತಿರುಗಿಸಬಹುದಾಗಿತ್ತು. ಇನ್ನೊಂದು ಸಲ ನೋಡಿ ಬರುತ್ತೇನೆ ಎಂದಿದ್ದರೆ ಸಾಕಿತ್ತು, ಯಾರೂ ನನ್ನ ತಲೆ ತೆಗೆಯುತ್ತಿರಲಿಲ್ಲ. "ಕೂಗಿದೆ ಸ್ವಾಮಿ" ಎಂದೆ. ನಿನ್ನ ಕೇಸು ವಜಾ ಆಯಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ನೀನು ಮೆಟ್ಟಿಲ ಹತ್ತಿರ ಬಂದೆ. "ಅಣ್ಣಾ, ನನ್ನೆಸ್ರು ಇನ್ನೂ ಬರ್ಲೇ ಇಲ್ವಲ್ಲ?"

"ಆಗ್ಲೇ ಕೂಗಾಯ್ತಲ್ಲವ್ವ. ಎಲ್ಲೋಗಿದ್ದೆ?"

ಈ 'ಎಲ್ಲೋಗಿದ್ದೆ' ಎನ್ನುವುದು ಯಾರೂ ಹೇಳಿಕೊಟ್ಟ ಮಾತಲ್ಲ. ಶಿರಸ್ತೇದಾರರೂ ಇಷ್ಟು ಕೇಳಿರಲಿಲ್ಲ. ತಪ್ಪನ್ನು ನಿನ್ನ ತಲೆಗೆ ಕಟ್ಟಿದ್ದು ಪೂರ್ತಿ ನನ್ನದೇ ಬುದ್ಧಿ. ನೀನು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ನೀನು ಕಿವಿ ಮುಟ್ಟಿ ನೋಡಿಕೊಂಡೆ. "ಇಲ್ಲೇ ಕುಂತಿದ್ನಲ್ಲಣ್ಣ... ನಂಗೇ ಕೇಳಿಸ್ಲಿಲ್ವೇನೋ," ಎಂದೆ.

ನಿನ್ನ ವಕೀಲರು ಕೇಸನ್ನು ಮತ್ತೆ ತೆಗೆಸಲು ಅರ್ಜಿ ಹಾಕಿದರು. ಆ ಅರ್ಜಿಗೇ ನೋಟಿಸು, ತಕರಾರು, ವಾಯಿದೆ. ಅಷ್ಟರಲ್ಲಿ ಗಡುವು ಮುಗಿದು ಕೆಲಸ ನಿನ್ನ ಅಣ್ಣನಿಗೆ ಹೋಯಿತು. ನನ್ನ ಬಡ್ತಿಯೂ ಬಂತು. ಹೆಂಡತಿ ಬೀದಿಗೆಲ್ಲ ಮೈಸೂರು ಪಾಕು ಹಂಚಿದಳು. ಮೊದಲ ಸಲ ಕುರ್ಚಿಯಲ್ಲಿ ಕೂತ ದಿನ, ಹೊಸ ಜವಾನ ಜಗಲಿಯಲ್ಲಿ ಯಾರದೋ ಹೆಸರು ಕೂಗಿದ. ನಾನು ಬೆಚ್ಚಿ ಎದ್ದು ನಿಂತೆ. ಏನಾಯ್ತು ಎಂದು ಪಕ್ಕದವರು ಕೇಳಿದರು, ಏನಿಲ್ಲ ಎಂದೆ. ಅಂದಿನಿಂದ ಯಾರು ಯಾರನ್ನು ಕೂಗಿದರೂ, ಇದು ನನಗೇ ಬಂತು ಎಂದು ಒಂದು ಗಳಿಗೆ ಅನ್ನಿಸುತ್ತದೆ. ವೇತನ ಆಯೋಗ ಸಂಬಳ ಏರಿಸಿದಾಗ ಎಲ್ಲರೂ ಕುಣಿದರು. ನನಗೆ ಇದೂ ಆ ಬಸ್ಸಿನ ಲೆಕ್ಕಕ್ಕೇ ಸೇರಿತು ಎನ್ನಿಸಿ ಹೆದರಿಕೆಯಾಯಿತು.

ಹೋದ ತಿಂಗಳು ಮನೆಯ ಇ-ಖಾತೆಗೆಂದು ಪುರಸಭೆಗೆ ಬಂದಿದ್ದೆ. ಕೌಂಟರಿನಲ್ಲಿ ನೀನಿದ್ದೆ. ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಅಂತೆ. ಸಾಲಿನಲ್ಲಿದ್ದ ಒಬ್ಬರು ಹೇಳಿದರು: "ಒಳಗೆ ಫ್ಯಾನಿನಡಿ ಕುಂತವ್ನೆ ನೋಡಿ, ಅವಳ ಅಣ್ಣ, ಕಾಯಂ ಗುಮಾಸ್ತ. ಅವನ ಕೆಲ್ಸನೂ ಇವ್ಳೇ ಮಾಡೋದು. ಸಂಬಳ ಮಾತ್ರ ಅವನದರ ಕಾಲು ಭಾಗನೂ ಇಲ್ಲ. ಟೆಂಡರ್ ಬದಲಾದ್ರೆ ಅದೂ ಇಲ್ಲ ಬುಡಿ." ಇಷ್ಟು ವರ್ಷ ದುಡಿದರೂ ನಿನಗೆ ಬಡ್ತಿಯಿಲ್ಲ, ಪಿಂಚಣಿಯಿಲ್ಲ. ನನಗೆ ಬಡ್ತಿ ಸಿಕ್ಕಿತು, ಪಿಂಚಣಿಯೂ ಬರಲಿದೆ.

ನನ್ನ ಅರ್ಜಿ ಆಗಲೇ ಕೈಯಿಂದ ಕೈಗೆ ದಾಟಿ ನಿನ್ನ ಮೇಜು ಸೇರಿತ್ತು. ನಾನು ಜಾರಿಕೊಂಡು ಹೋಗಿ ಹೊರಗಿನ ಬೇವಿನಮರದ ಕೆಳಗೆ ನಿಂತೆ. ನೀನು ನನ್ನ ಹೆಸರು ಕೂಗಿದೆ. ನಾನು ಬರಲಿಲ್ಲ. ನೀನು ಮತ್ತೆ ಕೂಗಿದೆ. ಆಮೇಲೆ ಕುರ್ಚಿ ಬಿಟ್ಟೆದ್ದು, ಮೆಟ್ಟಿಲಿಳಿದು, ಮರದವರೆಗೂ ಬಂದು ಕೂಗಿದೆ. ಗುರುತು ಹಿಡಿದು ನಕ್ಕೆ ಬೇರೆ.

"ನೀವಾ ಅಣ್ಣಾ! ಯಾರಿಗೂ ಕೇಳಿಸ್ದೆ ಓಗ್ಬಾರ್ದು ಅಂತ ನಾನು ಇಲ್ಲೀಗಂಟ ಬಂದು ಕೂಗ್ತೀನಿ. ಆವತ್ತು ನಂಗೆ ಕೇಳಿಸ್ಲಿಲ್ಲ ನೋಡಿ, ನನ್ ಕಿವಿ ಸರಿ ಇದ್ದಿದ್ರೆ ನಾನೂ ಒಳಗೆ ಕುಂತಿರ್ತಿದ್ದೆ. ಅವ್ವ ಸಾಯೋಗಂಟ ಅದ್ನೇ ಯೋಳ್ತಿದ್ಲು."

ನಿನ್ನ ಅವ್ವ ನಿನ್ನನ್ನು ಬೈಯುತ್ತಲೇ ಸತ್ತಳು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಖಾತೆ ಬೇಡ ಎಂದು ಏನೋ ಗೊಣಗಿ ಬಸ್ಸು ಹತ್ತಿದೆ.

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಪಿಂಚಣಿ ಮಂಜೂರಾಗಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಮೊದಲೇ ಬಾಯಿಬಿಟ್ಟರೆ ವಿಚಾರಣೆ ಕೂರಿಸಿ ಅದನ್ನು ತಡೆಹಿಡಿಯುತ್ತಾರೆ ಎಂಬ ಭಯ. ಗುಮಾಸ್ತನ ಬುದ್ಧಿ ನೋಡು, ಇದಕ್ಕೂ ಒಂದು ವಾಯಿದೆ ತೆಗೆದುಕೊಂಡಿತು. ನಾಳೆ ಬಾ ಎಂದು ನಾನೇ ನನ್ನ ಬಾಗಿಲ ಮೇಲೆ ಬರೆದುಕೊಂಡು ಇಷ್ಟು ವರ್ಷ ಒಳಗೆ ಕೂತಿದ್ದೆ. ಇನ್ನು ಪಿಂಚಣಿಗೆ ಕಾಯುವುದಿಲ್ಲ.

ಹೋದ ಕೆಲಸ ನಿನಗೆ ಬರುವುದಿಲ್ಲ, ನಿನ್ನ ಅವ್ವನಿಗೆ ಕೇಳಿಸುವುದಿಲ್ಲ. ಕ್ಷಮಿಸು ಎನ್ನಲೂ ನಾನು ಬರುತ್ತಿಲ್ಲ. ನಿನ್ನ ಕೌಂಟರಿನ ಮುಂದೆ, ಸಾಲಿನಲ್ಲಿ ನಿಂತವರಿಗೂ ಫ್ಯಾನಿನಡಿ ಕೂತವನಿಗೂ ಕೇಳಿಸುವ ಹಾಗೆ, 'ನಿಂಗಯ್ಯನ ಮಗಳು ರತ್ನ' ಎಂದು ಕೂಗುತ್ತೇನೆ. ನೀನು ತಲೆಯೆತ್ತಿದ ಮೇಲೆ, ಆವತ್ತು ನಿನ್ನ ಕಿವಿ ನೆಟ್ಟಗಿತ್ತು ಎಂದು ಹೇಳುತ್ತೇನೆ. ಆಮೇಲಿನದು ನಿನಗೆ ಬಿಟ್ಟದ್ದು.

ಇವತ್ತು ನಿನ್ನ ಪುರಸಭೆ ತೆರೆದಿರುತ್ತದೆ. ಬಸ್ಸಿಗೆ ಹೊರಟೆ.