ಫೋನಿನ್ಯಾಗ ಏಳು ಚುಕ್ಕಿ

ಹೋದ ವರ್ಷ ನಮ್ಮ ಯಜಮಾನ್ರು ಬಚ್ಚಲದಾಗ ಜಾರಿ ಬಿದ್ರು. ಬೈಲಹೊಂಗಲದ ಮನ್ಯಾಗ ಹಗಲೆಲ್ಲಾ ಅವರೊಬ್ಬರ ಇರತಾರ. ನಾನು ಸಾಲಿಗಿ ಕಲಸಾಕ ಹೋಗತೇನಿ, ಮಗ ಬೆಳಗಾವ್ಯಾಗ ಇಂಜಿನಿಯರಿಂಗ್ ಕಾಲೇಜಿನ್ಯಾಗ ಪಾಠಾ ಮಾಡತಾನ. ನಾ ಬರೂಮಟ ಎರಡು ತಾಸು ಹಂಗ ಬಿದ್ದಿದ್ರು. ಅಂದಿನಿಂದ ಸಾಲ್ಯಾಗ ನನಗ ಸಮಾಧಾನ ಅನ್ನೋದ ಇಲ್ಲ. ಬಿದ್ದರ ಗೊತ್ತಾಗಲಿ ಅಂತ ಮಗ ಕೈಗಿ ಕಟ್ಟೋ ಗಡಿಯಾರದಂಥಾ ಒಂದು ಮಷಿನ್ ಪಟ್ಟಿ ತಂದುಕೊಟ್ಟ. ಇವರು ಅದನ್ನ ದಿನಾ ಬಿಚ್ಚಿ ದೇವರ ಜಗಲಿ ಮ್ಯಾಲ ಇಡೋರು.

ಹಂಗಾದ್ರ ಮೈಮ್ಯಾಲ ಏನೂ ಬ್ಯಾಡ ಅಂತ ಮಗ ಮನಿಯ ನಾಕು ಮೂಲಿಗಿ ವೈಫೈ ಡಬ್ಬಿ ಹಚ್ಚಿದ. ಮನಷ್ಯಾನ ಮೈಯಾಗ ನೀರ ಬಾಳ, ಅದು ಸಿಗ್ನಲ್ ತಡೀತೈತಿ, ಯಾರು ಎಲ್ಲಿ ಅದಾರ ಅಂತ ಫೋನಿನ್ಯಾಗ ಚುಕ್ಕಿ ಕಾಣತೈತಿ ಅಂದ. ಮೊದಲ ಖಾಲಿ ಮನಿ ಹೆಂಗಿರತೈತಿ ಅಂತ ಮಷಿನ್ನಿಗೆ ಕಲಿಸಬೇಕಂತ. ಮೂರೂ ಮಂದಿ ಬೀಗಾ ಹಾಕಿ ಒಂದ ತಾಸು ಓಣ್ಯಾಗ ನಿಂತ್ವಿ. ಬಾಜೂಮನಿಯವರು ಗಾಬರಿಯಾಗಿ ಚಹಾ ತಂದು, "ಯಾರು ಹೋದರ್ರಿ?" ಅಂತ ಕೇಳಿದ್ರು.

ಅವತ್ತ ಮನ್ಯಾಗಿನ ಆರೂ ಬ್ಯಾರಲ್ ಬರಿದಾಗಿದ್ವು. ನಮ್ಮ ಕಡೆ ನಳಾ ಬರೋದು ಎಂಟು ದಿನಕ್ಕೊಮ್ಮೆ. ಮರುದಿನ ನೀರ ಬಿಟ್ರು, ನಾ ಆರೂ ತುಂಬಿಸಿದೆ. ಫೋನಿನ್ಯಾಗ ಆರು ಮಂದಿ ಹೊಸಬರು ಬಂದು ನಿಂತ್ರು. ಅಷ್ಟೆಲ್ಲಾ ಕಲತವಗ ನಳದ ಪಾಳಿ ನೆನಪಾಗಬಾರದೇನು? ಮತ್ತೊಮ್ಮೆ ಕಲಿಸೂಣು ಅಂದ. ಮತ್ತ ಓಣ್ಯಾಗ ನಿಂತು ಸಾವಿನ ಚಹಾ ಕುಡಿಯಾಕ ನಾ ತಯಾರಿರಲಿಲ್ಲ. ಅಲುಗಾಡೋ ಚುಕ್ಕಿ ಅಂದ್ರ ಅಪ್ಪ ಅಂತ ತಿಳಕೊ ಅಂದ. ನಮ್ಮವರು ನಾಷ್ಟಾ ಆದಮ್ಯಾಲ ಊಟದಮಟ ಅಲುಗಾಡೋ ಪೈಕಿ ಅಲ್ಲ. ಹಿಂಗಾಗಿ ನಾ ಸಾಲ್ಯಾಗ ಕುಂತು, ಬ್ಯಾರಲ್ ಆರು, ಇವರೊಬ್ಬರು, ಚುಕ್ಕಿ ಏಳು ಅದಾವೇನು ಅಂತಷ್ಟ ನೋಡತಿದ್ದೆ.

ಎರಡು ದಿನ ಬಿಟ್ಟು ಪಾಠದ ನಡುವ ಮಗನ ಫೋನ್ ಬಂತು.

"ಅವ್ವಾ, ಮಷಿನ್ ಸುಧಾರಿಸಾಕ ಹತ್ತೈತಿ. ಒಂದು ತಪ್ಪು ಕಡಿಮಿ ಆತು, ಈಗ ಆರ ಚುಕ್ಕಿ ನೋಡು."

ಹುಡುಗರನ್ನ ಬಾಜೂ ವರ್ಗದ ಅಕ್ಕೋರಿಗೆ ಒಪ್ಪಿಸಿ ಮನಿಗೆ ಓಡಿದೆ.

ಯಜಮಾನ್ರು ಅಡಗಿಮನ್ಯಾಗ ಬ್ಯಾರಲ್ ತಬ್ಬಿಕೊಂಡು ನೆಲದ ಮ್ಯಾಲಿದ್ರು, ಕಾಲು ಮಡಚಿ ಕೆಳಗ ಸಿಕ್ಕಿತ್ತು. ಅವರೂ ಬ್ಯಾರಲ್ಲೂ ಕೂಡಿ ಮಷಿನ್ನಿಗೆ ಒಬ್ಬರಾಗಿ ಕಂಡಾರ. "ಬಿದ್ದಿಲ್ಲ, ಕುಂತೇನಿ" ಅಂದ್ರು. ತುಟಿ ಒಣಗಿದ್ವು. ನನಗ ಸಿಟ್ಟೂ ಬಂತು, ಅಳೂನೂ ಬಂತು. ಎಬ್ಬಿಸಿ, ಕುರ್ಚಿ ಮ್ಯಾಲ ಕುಂಡ್ರಿಸಿ, ನೀರ ಕುಡಿಸಿ, ಮಗಗ ಫೋನ್ ಹಚ್ಚಿದೆ.

"ಕಡಿಮಿ ಆದ ತಪ್ಪು ನಿಮ್ಮಪ್ಪ" ಅಂದೆ.